ಡಾ. ಶಿರೋಡ್ಕರ್ ಅವರ ಸಂಶೋಧನೆಯೂ ಸ್ತ್ರೀಯರ ಶ್ರೋಣಿತಳದ ವ್ಯಾಧಿಗಳೂ: ಒಂದು ಅಧ್ಯಯನ

ಪೀಠಿಕೆ

ಹನ್ನೆರಡನೆಯ ಶತಮಾನದ ಶಿವಶರಣರು ಕಾಯವನ್ನು ಹೀನವೆಂದು ಬಗೆಯಲಿಲ್ಲ. ಕಾಯಕಕ್ಕೆ ಸಾಧನವಾದ ಶರೀರವನ್ನು ಅವರು ಗೌರವದಿಂದ ಕಂಡರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದ್ದು ಅವರ ಮಹತ್ತರ ಸಾಧನೆಗಳಲ್ಲೊಂದು. ಹೆರಿಗೆ ಸೂತಕವಲ್ಲ, ಸ್ತ್ರೀಯ ಶರೀರಧರ್ಮ ಮೈಲಿಗೆಯಲ್ಲ ಎಂಬ ಮಾತನ್ನು ಎಂಟು ಶತಮಾನಗಳ ಹಿಂದೆಯೇ ಈ ನಾಡು ಕೇಳಿದೆ. ಆದರೂ ಹೆರಿಗೆಯ ಫಲವಾಗಿ ಬರುವ ಕೆಲವು ವ್ಯಾಧಿಗಳನ್ನು ಸ್ತ್ರೀಯರು ಇಂದಿಗೂ ಸೂತಕದಂತೆಯೇ ಮರೆಮಾಚುತ್ತಾರೆಂಬುದು ವಿಷಾದದ ಸಂಗತಿ.

ಗರ್ಭಕೋಶ ಕೆಳಕ್ಕೆ ಜಾರುವುದು, ಕೆಮ್ಮಿದರೆ ಸೀನಿದರೆ ಮೂತ್ರ ಸೋರುವುದು, ಮೂತ್ರವನ್ನು ತಡೆಹಿಡಿಯಲಾಗದಿರುವುದು, ಇವೇ ಆ ವ್ಯಾಧಿಗಳು. ಇವು ಸಾಮಾನ್ಯವಾಗಿ ಪ್ರಾಣವನ್ನು ತೆಗೆಯುವುದಿಲ್ಲ. ಆದರೆ ಬದುಕಿನ ಸೊಗಸನ್ನು ತೆಗೆದುಬಿಡುತ್ತವೆ. ಈ ತೊಂದರೆಯುಳ್ಳ ತಾಯಿ ಮದುವೆಮನೆಗೆ ಹೋಗಲು ಹಿಂಜರಿಯುತ್ತಾಳೆ, ಬಸ್ಸಿನ ಪ್ರಯಾಣಕ್ಕೆ ಅಂಜುತ್ತಾಳೆ, ಮಠದ ಜಾತ್ರೆಯ ಜನಸಂದಣಿಯಿಂದ ದೂರ ಉಳಿಯುತ್ತಾಳೆ. ಕಾರಣವನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಅತ್ತೆ ಅನುಭವಿಸಿದ್ದನ್ನು ಸೊಸೆಯೂ ಅನುಭವಿಸುತ್ತಾಳೆ. ಇಬ್ಬರೂ ಒಂದೇ ಅಡುಗೆಮನೆಯಲ್ಲಿದ್ದು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಇರುತ್ತಾರೆ.

ಈ ವ್ಯಾಧಿಗಳ ಸ್ವರೂಪವೇನು, ಕಾರಣಗಳೇನು, ಕನ್ನಡ ನಾಡಿನ ಹುಬ್ಬಳ್ಳಿಯಲ್ಲಿ ಶಾಲಾ ಶಿಕ್ಷಣ ಪಡೆದ ಒಬ್ಬ ಮಹಾವೈದ್ಯರು ಈ ಕ್ಷೇತ್ರಕ್ಕೆ ಸಲ್ಲಿಸಿದ ಸೇವೆಯೇನು, ಮತ್ತು ಕೊಡಗಿನಂತಹ ಗುಡ್ಡಗಾಡು ಜಿಲ್ಲೆಯ ಶಾಲೆ ಹಾಗೂ ಮನೆಗಳು ಮಾಡಬೇಕಾದುದೇನು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅಂಗರಚನೆ

ಸೊಂಟದ ಮೂಳೆಗಳು ಸೇರಿ ಒಂದು ಬಟ್ಟಲಿನ ಆಕಾರವನ್ನು ಪಡೆದಿವೆ. ಇದಕ್ಕೆ ಶ್ರೋಣಿಯೆಂದು ಹೆಸರು. ಈ ಬಟ್ಟಲಿಗೆ ಮೂಳೆಯ ತಳವಿಲ್ಲ. ಮಾಂಸಖಂಡಗಳ ಪದರವೇ ಅದರ ತಳ. ಇದನ್ನೇ ಶ್ರೋಣಿತಳವೆಂದು ಕರೆಯುತ್ತಾರೆ. ಸ್ತ್ರೀಯರಲ್ಲಿ ಇದರ ಮೇಲೆ ಮುಂಭಾಗದಲ್ಲಿ ಮೂತ್ರಾಶಯ, ನಡುವೆ ಗರ್ಭಕೋಶ, ಹಿಂಭಾಗದಲ್ಲಿ ಗುದನಾಳ ನೆಲೆಗೊಂಡಿವೆ. ಮೂತ್ರನಾಳ, ಯೋನಿ, ಗುದದ್ವಾರ ಎಂಬ ಮೂರು ಮಾರ್ಗಗಳು ಈ ತಳವನ್ನು ಹಾದು ಹೊರಬರುತ್ತವೆ.

ಈ ಅಂಗಗಳಿಗೆ ಎರಡು ಬಗೆಯ ಆಧಾರವಿದೆ. ಮೇಲಿನಿಂದ ಮತ್ತು ಪಕ್ಕಗಳಿಂದ ಎಳೆದು ಹಿಡಿಯುವ ಕಟ್ಟುನಾರುಗಳು ಒಂದು ಬಗೆ. ವೈದ್ಯರು ಇವನ್ನು ಲಿಗಮೆಂಟುಗಳೆನ್ನುತ್ತಾರೆ. ಕೆಳಗಿನಿಂದ ಎತ್ತಿ ಹಿಡಿಯುವ ಮಾಂಸಖಂಡಗಳು ಇನ್ನೊಂದು ಬಗೆ. ತೊಲೆಗೆ ಹಗ್ಗ ಕಟ್ಟಿ ತೂಗುಹಾಕಿದ ತೊಟ್ಟಿಲನ್ನು ಇಲ್ಲಿ ನೆನೆಯಬಹುದು. ತೊಟ್ಟಿಲಿನ ಕೆಳಗೆ ಬಲವಾದ ಕೈಯೊಂದು ಆನಿಸಿಕೊಂಡಿರುವವರೆಗೆ ಹಗ್ಗಗಳಿಗೆ ಭಾರವಿಲ್ಲ. ಆ ಕೈ ಸೋತರೆ ಭಾರವೆಲ್ಲ ಹಗ್ಗದ ಮೇಲೆ ಬೀಳುತ್ತದೆ. ವರ್ಷಗಳು ಉರುಳಿದಂತೆ ಹಗ್ಗ ಸಡಿಲಿ ತೊಟ್ಟಿಲು ಕೆಳಕ್ಕೆ ಇಳಿಯುತ್ತದೆ. ಗರ್ಭಕೋಶ ಜಾರುವ ಬಗೆಯೂ ಇದೇ. ಹೆರಿಗೆಯಾದ ಕೂಡಲೆ ಕಾಣದ ತೊಂದರೆ ಇಪ್ಪತ್ತು ಮೂವತ್ತು ವರ್ಷಗಳ ಅನಂತರ ಕಾಣಿಸಿಕೊಳ್ಳಲು ಇದೇ ಕಾರಣ.

ಮೂತ್ರಾಶಯವು ಹಿಗ್ಗುವ ಗುಣವುಳ್ಳ ಮಾಂಸದ ಚೀಲ. ವಯಸ್ಕರಲ್ಲಿ ಅದು ಸುಮಾರು 400ರಿಂದ 500 ಮಿಲಿಲೀಟರ್ ಮೂತ್ರವನ್ನು ಹಿಡಿಯಬಲ್ಲುದು. ಅದು ತುಂಬುವಾಗ ಚೀಲದ ಮಾಂಸ ಸಡಿಲವಾಗಿದ್ದು, ದ್ವಾರವನ್ನು ಕಾಯುವ ಮಾಂಸ ಬಿಗಿಯಾಗಿರಬೇಕು. ವಿಸರ್ಜನೆಯ ಸಮಯದಲ್ಲಿ ಇದು ತಿರುಗುಮುರುಗಾಗಬೇಕು. ಮಿದುಳು, ಬೆನ್ನುಹುರಿ ಮತ್ತು ನರಗಳು ಈ ಹೊಂದಾಣಿಕೆಯನ್ನು ನಡೆಸುತ್ತವೆ.

ವ್ಯಾಧಿಯ ಸ್ವರೂಪ

ಮೂತ್ರ ಸೋರುವಿಕೆಯಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ. ಕೆಮ್ಮು, ಸೀನು, ನಗು, ಭಾರ ಎತ್ತುವಿಕೆ ಇವುಗಳಿಂದ ಹೊಟ್ಟೆಯೊಳಗಿನ ಒತ್ತಡ ಏರಿದಾಗ ಮೂತ್ರನಾಳಕ್ಕೆ ಕೆಳಗಿನ ಆಸರೆ ಸಾಲದೆ ಸೋರುವುದು ಮೊದಲನೆಯದು. ಚೀಲ ಪೂರ್ಣ ತುಂಬುವ ಮೊದಲೇ ಅದರ ಮಾಂಸ ಅಕಾಲದಲ್ಲಿ ಸಂಕುಚಿಸಿ, ತಡೆಯಲಾರದ ಅವಸರವುಂಟಾಗಿ, ಬಚ್ಚಲು ತಲುಪುವಷ್ಟರಲ್ಲಿ ಸೋರಿಬಿಡುವುದು ಎರಡನೆಯದು. ಕೆಲವರಲ್ಲಿ ಎರಡೂ ಬೆರೆತಿರುವುದುಂಟು. ಚಿಕಿತ್ಸೆ ಬೇರೆ ಬೇರೆಯಾದುದರಿಂದ ಈ ಭೇದವನ್ನು ಅರಿಯುವುದು ಅವಶ್ಯಕ. ಇವೆರಡಕ್ಕೂ ಸೇರದ ಮೂರನೆಯದೊಂದಿದೆ: ಹೆರಿಗೆ ದಿನಗಟ್ಟಲೆ ತಡೆದು ನಿಂತಾಗ ಮಗುವಿನ ತಲೆಯ ಒತ್ತಡದಿಂದ ರಕ್ತಸಂಚಾರ ನಿಂತು, ಮೂತ್ರಾಶಯಕ್ಕೂ ಯೋನಿಗೂ ನಡುವೆ ರಂಧ್ರವಾಗಿ ಹಗಲಿರುಳು ಮೂತ್ರ ಹರಿಯುವ ಘೋರ ಸ್ಥಿತಿ. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆ ದೊರೆಯುವ ಕಡೆ ಇದು ಬಹುಮಟ್ಟಿಗೆ ಮರೆಯಾಗಿದೆ.

ಗರ್ಭಕೋಶ ಜಾರುವಿಕೆ ಆರಂಭದಲ್ಲಿ ಸೊಂಟದ ಸೆಳೆತವಾಗಿ, ಕೆಳಗೆ ಏನೋ ಭಾರ ತೂಗಿದಂತೆ ಅನುಭವಕ್ಕೆ ಬರುತ್ತದೆ. ಸಂಜೆಗೆ ಹೆಚ್ಚಿ, ಮಲಗಿದಾಗ ಕಡಿಮೆಯಾಗುವುದು ಇದರ ಲಕ್ಷಣ. ಕ್ರಮೇಣ ಗಡ್ಡೆಯಂತಹ ಉಬ್ಬು ಕೈಗೆ ಸಿಗುತ್ತದೆ. ಕೊನೆಯ ಹಂತದಲ್ಲಿ ಗರ್ಭಕೋಶವೇ ಹೊರಬಂದು ಬಟ್ಟೆಗೆ ಉಜ್ಜಿ ಹುಣ್ಣಾಗುವುದೂ ಉಂಟು. ಅದರೊಡನೆ ಮೂತ್ರಾಶಯವೂ ಕೆಳಗಿಳಿದಾಗ ಮೂತ್ರ ಪೂರ್ತಿ ಹೋಗದೆ ಉಳಿದು, ಪದೇ ಪದೇ ಸೋಂಕು ತಗಲುತ್ತದೆ.

ಇದು ಬಡ ದೇಶಗಳ ವ್ಯಾಧಿಯೆಂದು ತಿಳಿಯುವುದು ತಪ್ಪು. ಅಮೆರಿಕದಲ್ಲಿ 1,961 ಸ್ತ್ರೀಯರನ್ನು ಕುರಿತು ನಡೆದು 2008ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ನೂರಕ್ಕೆ ಸುಮಾರು 24 ಮಂದಿಗೆ ಶ್ರೋಣಿತಳದ ಒಂದಲ್ಲ ಒಂದು ವ್ಯಾಧಿಯಿದ್ದುದು ತಿಳಿದುಬಂತು.

ಕಾರಣಗಳು

ಹೆರಿಗೆಯೇ ಪ್ರಧಾನ ಕಾರಣ. ಮಿಷಿಗನ್ ವಿಶ್ವವಿದ್ಯಾನಿಲಯದ ಡಾ. ಜಾನ್ ಡಿಲಾನ್ಸಿ ಮತ್ತು ಅವರ ಸಹೋದ್ಯೋಗಿಗಳು ಎಂ.ಆರ್.ಐ. ಚಿತ್ರಗಳ ಮೂಲಕ ಶ್ರೋಣಿತಳವನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಮ್ಮೆ ಮಾತ್ರ ಸಹಜ ಮಾರ್ಗದಲ್ಲಿ ಹೆತ್ತಿದ್ದ 160 ಸ್ತ್ರೀಯರಲ್ಲಿ 32 ಮಂದಿಯ ಶ್ರೋಣಿತಳದ ಮಾಂಸದಲ್ಲಿ ಊನ ಕಂಡುಬಂತು. ಹೆರದಿದ್ದ 80 ಮಂದಿಯಲ್ಲಿ ಒಬ್ಬರಲ್ಲೂ ಕಾಣಲಿಲ್ಲ. ಆ 160 ಮಂದಿಯಲ್ಲಿ ಅರ್ಧದಷ್ಟು ಜನ ಮೂತ್ರ ಸೋರುವಿಕೆಯುಳ್ಳವರೆಂದೇ ಆಯ್ಕೆಯಾದವರಾದುದರಿಂದ ಈ ಪ್ರಮಾಣವನ್ನು ಎಲ್ಲ ತಾಯಂದಿರಿಗೂ ಅನ್ವಯಿಸಲಾಗದು. ಆದರೆ ಗಾಯವಾಗುವುದು ಹೆರಿಗೆಯಿಂದಲೇ ಎಂಬುದು ಕಣ್ಣಿಗೆ ಕಾಣುವಂತೆ ಸಿದ್ಧವಾಯಿತು.

ಹೆರಿಗೆಯ ಗಾಯದ ಮೇಲೆ ಬದುಕಿನ ಭಾರ ಬಂದು ಕೂರುತ್ತದೆ. ದೀರ್ಘಕಾಲದ ಕೆಮ್ಮು, ಮಲಬದ್ಧತೆಯಿಂದ ಮುಕ್ಕುವುದು, ಬೊಜ್ಜು, ಮುಟ್ಟು ನಿಂತ ಅನಂತರದ ದೌರ್ಬಲ್ಯ, ಭಾರ ಹೊರುವ ದುಡಿಮೆ ಇವೆಲ್ಲ ಸೇರಿ ಸಡಿಲವನ್ನು ಹೆಚ್ಚಿಸುತ್ತವೆ. ಕೊಡಗಿನ ಜೀವನಕ್ರಮವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇಳಿಜಾರಿನ ತೋಟದಲ್ಲಿ ದಿನವಿಡೀ ನಿಂತು ಹಣ್ಣು ಕೊಯ್ದು, ಸಂಜೆ ಮೂಟೆಯನ್ನು ತೂಕದ ಜಾಗಕ್ಕೆ ಹೊತ್ತು ತರುವವರಲ್ಲಿ ಹೆಣ್ಣಾಳುಗಳೇ ಬಹಳ. ಲೈನುಮನೆಗೆ ಮರಳಿದ ಮೇಲೆ ನೀರು, ಸೌದೆಗಳ ಹೊರೆ ಕಾದಿರುತ್ತದೆ. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಹಸಿ ಸೌದೆಯ ಹೊಗೆ, ಶೀತ, ತಿಂಗಳುಗಟ್ಟಲೆ ಬಿಡದ ಕೆಮ್ಮು. ತೋಟದಲ್ಲಿ ಮರೆಯಾದ ಶೌಚಾಲಯವಿಲ್ಲದ ಕಡೆ ಮೂತ್ರವನ್ನು ಗಂಟೆಗಟ್ಟಲೆ ತಡೆಹಿಡಿಯುವುದು, ಅದಕ್ಕಂಜಿ ನೀರನ್ನೇ ಕುಡಿಯದಿರುವುದು. ಇವು ಒಂದೊಂದೂ ಅಲ್ಪವಾಗಿ ತೋರಿದರೂ ಒಟ್ಟುಗೂಡಿದಾಗ ಅಲ್ಪವಲ್ಲ. ಬಾಣಂತಿತನದ ವಿಶ್ರಾಂತಿಯನ್ನು ನಮ್ಮ ಹಿರಿಯರು ಕಡ್ಡಾಯ ಮಾಡಿದ್ದರಲ್ಲಿ ವಿವೇಕವಿತ್ತು. ಆದರೆ ಆ ವಿಶ್ರಾಂತಿ ಉಳ್ಳವರ ಮನೆಗೆ ದೊರೆತಂತೆ ಕೂಲಿಯವಳಿಗೆ ದೊರೆಯಲಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಾದ ತಿದ್ದುಪಡಿಯು, ಮೊದಲ ಎರಡು ಹೆರಿಗೆಗಳಿಗೆ ವೇತನಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದ್ದು ಈ ದೃಷ್ಟಿಯಿಂದ ಸ್ವಾಗತಾರ್ಹ.

ಡಾ. ವಿಠ್ಠಲ ನಾಗೇಶ ಶಿರೋಡ್ಕರ್

ಈ ವ್ಯಾಧಿಗಳ ಶಸ್ತ್ರಚಿಕಿತ್ಸೆಯಲ್ಲಿ ಭಾರತದ ಹೆಸರನ್ನು ಜಗತ್ತಿನ ಗ್ರಂಥಗಳಲ್ಲಿ ಬರೆಯಿಸಿದವರು ಡಾ. ವಿಠ್ಠಲ ನಾಗೇಶ ಶಿರೋಡ್ಕರ್. ಅವರು 1899ರಲ್ಲಿ ಗೋವೆಯ ಶಿರೋಡಾ ಗ್ರಾಮದಲ್ಲಿ ಜನಿಸಿದರು. ಊರಿನ ಹೆಸರೇ ಮನೆತನದ ಹೆಸರಾಯಿತು. ಅವರ ಪ್ರೌಢ ವಿದ್ಯಾಭ್ಯಾಸ ನಡೆದದ್ದು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ. ಅಲ್ಲಿಂದ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜನ್ನು ಸೇರಿ 1923ರಲ್ಲಿ ವೈದ್ಯಪದವಿಯನ್ನೂ, 1927ರಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ಶಾಸ್ತ್ರದಲ್ಲಿ ಎಂ.ಡಿ. ಪದವಿಯನ್ನೂ ಪಡೆದರು. 1931ರಲ್ಲಿ ಇಂಗ್ಲೆಂಡಿನಲ್ಲಿ ಎಫ್.ಆರ್.ಸಿ.ಎಸ್. ಆಗಿ ಹಿಂದಿರುಗಿ, 1940ರಲ್ಲಿ ತಾವು ಕಲಿತ ಕಾಲೇಜಿನಲ್ಲಿಯೇ ಪ್ರಾಧ್ಯಾಪಕರಾದರು.

ಅವರ ಸಂಶೋಧನೆಯ ಹಿರಿಮೆಯನ್ನು ತಿಳಿಯಬೇಕಾದರೆ ಅಂದಿನ ಚಿಕಿತ್ಸಾಕ್ರಮವನ್ನು ನೆನೆಯಬೇಕು. ಗರ್ಭಕೋಶ ಜಾರಿದಾಗ ಅದನ್ನು ತೆಗೆದುಹಾಕುವುದು ಒಂದು ಕ್ರಮ. ಇಂಗ್ಲೆಂಡಿನ ಡೊನಾಲ್ಡ್ ಮತ್ತು ಫಾದರ್‌ಗಿಲ್ ರೂಪಿಸಿದ ಮ್ಯಾಂಚೆಸ್ಟರ್ ಶಸ್ತ್ರಕ್ರಿಯೆ ಇನ್ನೊಂದು ಕ್ರಮ. ಇದರಲ್ಲಿ ಗರ್ಭಕೋಶ ಉಳಿಯುತ್ತಿತ್ತಾದರೂ ಅದರ ಕೊರಳಿನ ಭಾಗವನ್ನು ಕತ್ತರಿಸಬೇಕಾಗುತ್ತಿತ್ತು. ಮಕ್ಕಳ ಬಯಕೆ ತೀರಿದ ಮಧ್ಯವಯಸ್ಸಿನವರಿಗೆ ಇದರಿಂದ ಹೆಚ್ಚಿನ ಕೊರತೆಯಿಲ್ಲ. ಆದರೆ ಭಾರತದಲ್ಲಿ ಈ ವ್ಯಾಧಿ ಇಪ್ಪತ್ತರ ಹರೆಯದ ತರುಣಿಯರಲ್ಲಿ, ಕೆಲವೊಮ್ಮೆ ಒಂದೂ ಹೆರಿಗೆಯಾಗದವರಲ್ಲಿ ಸಹ ಕಾಣುತ್ತಿತ್ತು. ಕೊರಳು ಕತ್ತರಿಸಿದ ಮೇಲೆ ಅವರು ಗರ್ಭ ಧರಿಸುವುದು ಕಷ್ಟ. ಧರಿಸಿದರೂ ನಿಲ್ಲುವುದು ಕಷ್ಟ. ಮಕ್ಕಳಿಲ್ಲದ ಸೊಸೆಯ ಪಾಡು ನಮ್ಮ ಸಮಾಜದಲ್ಲಿ ಏನಾಗುತ್ತಿತ್ತೆಂಬುದು ಎಲ್ಲರೂ ಬಲ್ಲ ಸಂಗತಿ. ವಿದೇಶದ ಗ್ರಂಥದಲ್ಲಿ ಯಶಸ್ವಿಯೆನಿಸಿದ ಶಸ್ತ್ರಕ್ರಿಯೆ ಇಲ್ಲಿಯ ತರುಣಿಯ ಸಂಸಾರವನ್ನು ಮುರಿಯಬಹುದಾಗಿತ್ತು.

ಶಿರೋಡ್ಕರ್ ಅವರು ಇದಕ್ಕೆ ಎರಡು ಪರಿಹಾರಗಳನ್ನು ರೂಪಿಸಿದರು. ಮೊದಲನೆಯದು ಮ್ಯಾಂಚೆಸ್ಟರ್ ಕ್ರಮದ ಮಾರ್ಪಾಡು: ಕೊರಳನ್ನು ಕತ್ತರಿಸದೆ, ಗರ್ಭಕೋಶವನ್ನು ಹಿಂದಿನ ತ್ರಿಕಾಸ್ಥಿಗೆ ಬಿಗಿದಿರುವ ಎರಡು ಕಟ್ಟುನಾರುಗಳನ್ನು ಬಿಡಿಸಿ ತಂದು ಕೊರಳಿನ ಮುಂಭಾಗದಲ್ಲಿ ಹೊಲಿಯುವುದು. ಎರಡನೆಯದು ಜೋಲಿ ಶಸ್ತ್ರಕ್ರಿಯೆಯೆಂದು ಪ್ರಸಿದ್ಧವಾದುದು: ಹೊಟ್ಟೆಯನ್ನು ತೆರೆದು, ಗಟ್ಟಿಯಾದ ಪಟ್ಟಿಯೊಂದರ ತುದಿಯನ್ನು ಗರ್ಭಕೋಶದ ಕೊರಳಿನ ಹಿಂಭಾಗಕ್ಕೂ, ಇನ್ನೊಂದು ತುದಿಯನ್ನು ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕಾಸ್ಥಿಯ ಮೇಲಂಚಿಗೂ ಹೊಲಿದು ಎತ್ತಿ ನಿಲ್ಲಿಸುವುದು. ತೊಟ್ಟಿಲಿನ ಹಗ್ಗ ಸಡಿಲಿದಾಗ ತೊಟ್ಟಿಲನ್ನು ಎಸೆಯದೆ ಹೊಸ ಹಗ್ಗ ಕಟ್ಟಿದಂತೆ. ಮುಟ್ಟು, ದಾಂಪತ್ಯ, ತಾಯ್ತನ ಮೂರೂ ಇದರಿಂದ ಉಳಿದವು.

1955ರಲ್ಲಿ ಮದರಾಸಿನಿಂದ ಪ್ರಕಟವಾಗುತ್ತಿದ್ದ 'ದಿ ಆಂಟಿಸೆಪ್ಟಿಕ್' ಎಂಬ ವೈದ್ಯಪತ್ರಿಕೆಯಲ್ಲಿ ಅವರು ಇನ್ನೊಂದು ಶಸ್ತ್ರಕ್ರಿಯೆಯನ್ನು ವಿವರಿಸಿದರು. ಗರ್ಭಕೋಶದ ಕೊರಳು ದುರ್ಬಲವಾಗಿ ನಾಲ್ಕರಿಂದ ಏಳು ತಿಂಗಳೊಳಗೆ ಪದೇ ಪದೇ ಗರ್ಭ ಜಾರಿಹೋಗುವ ಸ್ತ್ರೀಯರಲ್ಲಿ, ಆ ಕೊರಳನ್ನು ಸುತ್ತಿ ಹೊಲಿಗೆ ಹಾಕಿ ಹೆರಿಗೆಯ ಕಾಲದವರೆಗೆ ಮಗುವನ್ನು ಉಳಿಸುವ ವಿಧಾನವದು. ಅದಕ್ಕೆ ಬೇಕಾದ ನಾರುಪಟ್ಟಿಯನ್ನು ಅವರು ಮೊದಲಲ್ಲಿ ಅದೇ ಸ್ತ್ರೀಯ ತೊಡೆಯಿಂದಲೇ ತೆಗೆದುಕೊಳ್ಳುತ್ತಿದ್ದರು. ಇಂದಿಗೂ ಜಗತ್ತಿನಾದ್ಯಂತ ಇದು 'ಶಿರೋಡ್ಕರ್ ಹೊಲಿಗೆ' ಎಂದೇ ಹೆಸರಾಗಿದೆ. ಎಲ್ಲ ಶಸ್ತ್ರಕ್ರಿಯೆಗಳ ಹಿಂದಿರುವ ತತ್ತ್ವ ಒಂದೇ: ಆಧಾರ ತಪ್ಪಿದ ಅಂಗವನ್ನು ಕಿತ್ತೆಸೆಯಬಾರದು, ಆಧಾರವನ್ನು ಮರಳಿ ಕೊಡಬೇಕು. ಭಾರತ ಸರ್ಕಾರವು 1960ರಲ್ಲಿ ಪದ್ಮಭೂಷಣ, 1971ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳಿಂದ ಅವರನ್ನು ಗೌರವಿಸಿತು. ಅದೇ 1971ರಲ್ಲಿ ಅವರು ದಿವಂಗತರಾದರು.

ಶಾಸ್ತ್ರವು ಒಬ್ಬರಲ್ಲಿಯೇ ಮುಗಿಯುವುದಿಲ್ಲ. ತ್ರಿಕಾಸ್ಥಿಯ ಬಳಿ ದೊಡ್ಡ ರಕ್ತನಾಳಗಳೂ ಕರುಳೂ ಇರುವುದರಿಂದ ಶಿರೋಡ್ಕರ್ ಅವರ ಜೋಲಿ ಶಸ್ತ್ರಕ್ರಿಯೆಗೆ ನುರಿತ ಕೈ ಬೇಕು. ಮುಂಬಯಿಯವರೇ ಆದ ಡಾ. ಬಿ. ಎನ್. ಪುರಂದರೆ ಅವರು ಹೊಟ್ಟೆಯ ಮುಂಗೋಡೆಯ ಪೊರೆಯಿಂದಲೇ ಗರ್ಭಕೋಶವನ್ನು ಹಿಡಿದು ನಿಲ್ಲಿಸುವ ಸುಲಭತರ ಕ್ರಮವನ್ನು ರೂಪಿಸಿದರು. ತ್ರಿಕಾಸ್ಥಿಗೆ ಬಿಗಿಯುವ ತತ್ತ್ವ ಇಂದು ದುರ್ಬೀನಿನ ಮೂಲಕ ಸಣ್ಣ ರಂಧ್ರಗಳಿಂದ ನಡೆಯುವ ಶಸ್ತ್ರಕ್ರಿಯೆಗಳಲ್ಲಿ ಮುಂದುವರಿದಿದೆ. ಹೊಸದೆಲ್ಲವೂ ಹಿತವಲ್ಲವೆಂಬುದಕ್ಕೂ ಇಲ್ಲಿ ಉದಾಹರಣೆಯಿದೆ. ಯೋನಿಮಾರ್ಗವಾಗಿ ಕೃತಕ ಜಾಲರಿಯನ್ನು ಜೋಡಿಸುವ ಕ್ರಮ ಕೆಲವು ಕಾಲ ಬಹಳ ಪ್ರಚಾರ ಪಡೆದು, ನೋವು ಮತ್ತು ಹುಣ್ಣುಗಳ ದೂರುಗಳು ಹೆಚ್ಚಿದ ಮೇಲೆ, ಅಂಗಗಳ ಜಾರುವಿಕೆಗಾಗಿ ಅವುಗಳ ಮಾರಾಟವನ್ನು ನಿಲ್ಲಿಸುವಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಏಪ್ರಿಲಿನಲ್ಲಿ ತಯಾರಕರಿಗೆ ಆಜ್ಞೆ ಮಾಡಿತು.

ಶಸ್ತ್ರವಿಲ್ಲದ ಚಿಕಿತ್ಸೆ

ಶಸ್ತ್ರಚಿಕಿತ್ಸೆ ಹಗ್ಗವನ್ನು ಬಿಗಿಯಬಲ್ಲುದು; ಕೆಳಗಿನ ಕೈಗೆ ಬಲ ತುಂಬುವುದು ವ್ಯಾಯಾಮದಿಂದ ಮಾತ್ರ ಸಾಧ್ಯ. ಅಮೆರಿಕದ ಡಾ. ಆರ್ನಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ಲೇಖನದ ಮೂಲಕ ಶ್ರೋಣಿತಳದ ವ್ಯಾಯಾಮಕ್ಕೆ ಶಾಸ್ತ್ರೀಯ ಸ್ಥಾನ ಒದಗಿತು. ಮೂತ್ರವನ್ನೋ ವಾಯುವನ್ನೋ ತಡೆಯುವಾಗ ಬಿಗಿಯುವ ಮಾಂಸಖಂಡಗಳನ್ನು ಒಳಕ್ಕೂ ಮೇಲಕ್ಕೂ ಸೆಳೆದು, ಆರರಿಂದ ಎಂಟು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲಬಿಡಬೇಕು. ಒಮ್ಮೆಗೆ ಎಂಟು ಹತ್ತು ಸಲದಂತೆ ದಿನಕ್ಕೆ ಮೂರು ಬಾರಿ, ಕನಿಷ್ಠ ಮೂರು ತಿಂಗಳು ಮಾಡಬೇಕು. ಉಸಿರು ಕಟ್ಟಬಾರದು, ಹೊಟ್ಟೆ ತೊಡೆಗಳನ್ನು ಬಿಗಿಯಬಾರದು, ಮೂತ್ರ ವಿಸರ್ಜಿಸುವಾಗ ಇದನ್ನು ರೂಢಿಮಾಡಬಾರದು. ಕುಳಿತಲ್ಲಿ, ಮಲಗಿದಲ್ಲಿ, ಹೊಲಿಗೆಯ ಯಂತ್ರದ ಮುಂದೆ, ಯಾರಿಗೂ ತಿಳಿಯದಂತೆ ಮಾಡಬಹುದಾದ ಈ ವ್ಯಾಯಾಮಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಕೊಕ್ರೇನ್ ಸಂಸ್ಥೆಯು 2018ರಲ್ಲಿ 31 ಪ್ರಯೋಗಗಳನ್ನು, 1,817 ಸ್ತ್ರೀಯರ ಅನುಭವವನ್ನು ಕ್ರೋಡೀಕರಿಸಿತು. ಕೆಮ್ಮಿದಾಗ ಸೋರುವ ತೊಂದರೆಯುಳ್ಳವರ ಪೈಕಿ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 56 ಮಂದಿ ಗುಣವಾಯಿತೆಂದು ತಿಳಿಸಿದರೆ, ಮಾಡದವರಲ್ಲಿ ನೂರಕ್ಕೆ ಆರು ಮಂದಿ ಮಾತ್ರ ಹಾಗೆ ತಿಳಿಸಿದರು.

ಅವಸರದ ತೊಂದರೆಯುಳ್ಳವರು ವಿಸರ್ಜನೆಯ ನಡುವಣ ಅವಧಿಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಮೂತ್ರಾಶಯವನ್ನು ಪಳಗಿಸಬೇಕು. ಆರು ವಾರಗಳಾದರೂ ತಾಳ್ಮೆ ಬೇಕು. ಕೊಡಗಿನವರಿಗೆ ಅಪ್ರಿಯವಾದ ಸತ್ಯವೊಂದನ್ನು ಇಲ್ಲಿ ಹೇಳಲೇಬೇಕು: ಕಾಫಿ, ಟೀಗಳಲ್ಲಿರುವ ಕೆಫೀನು ಈ ಅವಸರವನ್ನು ಹೆಚ್ಚಿಸಬಹುದು. ಬೆಲ್ಲದ ಕಾಫಿಯನ್ನು ಪೂರ್ಣ ಬಿಡಬೇಕಾಗಿಲ್ಲ. ಲೋಟಗಳ ಲೆಕ್ಕವನ್ನು ಇಳಿಸಿ, ರಾತ್ರಿಯ ಕಾಫಿಯನ್ನು ನಿಲ್ಲಿಸಿ ನೋಡಬೇಕು. ಶಸ್ತ್ರಚಿಕಿತ್ಸೆಯನ್ನು ತಾಳಲಾರದ ವೃದ್ಧೆಯರಿಗೆ, ವೈದ್ಯರು ಒಳಗೆ ಕೂರಿಸುವ ಪೆಸರಿಯೆಂಬ ಉಂಗುರ ಗರ್ಭಕೋಶವನ್ನು ಎತ್ತಿ ಹಿಡಿಯುತ್ತದೆ. ಅದನ್ನು ನಿಯಮಿತವಾಗಿ ತೆಗೆದು ಶುಚಿಗೊಳಿಸಿ ಪರೀಕ್ಷಿಸಬೇಕು. ಮೂತ್ರದಲ್ಲಿ ರಕ್ತ, ಉರಿ ಅಥವಾ ಜ್ವರ ಕಂಡರೆ, ಮೂತ್ರ ಕಟ್ಟಿದರೆ, ಮುಟ್ಟು ನಿಂತವರಲ್ಲಿ ರಕ್ತ ಕಾಣಿಸಿಕೊಂಡರೆ ವ್ಯಾಯಾಮವನ್ನೇ ನಂಬಿ ಕುಳಿತಿರದೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಮೌನವೆಂಬ ಮಹಾವ್ಯಾಧಿ

ಚಿಕಿತ್ಸೆಗಳಿದ್ದರೂ ರೋಗಿಗಳು ಬರುವುದಿಲ್ಲ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್ ಮತ್ತು ಸಹೋದ್ಯೋಗಿಗಳು 650 ಸ್ತ್ರೀಯರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ನೂರಕ್ಕೆ 92 ಮಂದಿಗೆ ಸ್ತ್ರೀರೋಗಗಳಲ್ಲಿ ಒಂದಾದರೂ ಇತ್ತು. ಹಿಂದೆಂದಾದರೂ ಇದಕ್ಕಾಗಿ ವೈದ್ಯಪರೀಕ್ಷೆಗೆ ಒಳಗಾಗಿದ್ದವರು ನೂರಕ್ಕೆ ಎಂಟು ಮಂದಿ ಮಾತ್ರ. ಕಾಣದ ರೋಗ ಇಲ್ಲದ ರೋಗವಲ್ಲವೆಂಬುದನ್ನು ಆ ಅಧ್ಯಯನ ತೋರಿಸಿಕೊಟ್ಟಿತು.

ಕೊಡಗಿನವರಿಗೆ ತಜ್ಞರ ನೆರವು ಈಗ ಹಿಂದಿನಷ್ಟು ದೂರವಿಲ್ಲ. ಮಡಿಕೇರಿಯಲ್ಲಿ 2016ರಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. ಮೈಸೂರಿನಲ್ಲಿ ಸರ್ಕಾರದ ಚೆಲುವಾಂಬ ಆಸ್ಪತ್ರೆಯೂ, ಸುತ್ತೂರು ಶ್ರೀಮಠದ ಆಶ್ರಯದಲ್ಲಿ 1984ರಲ್ಲಿ ಸ್ಥಾಪಿತವಾದ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜೂ ಇವೆ. ಆದರೆ ಲೈನುಮನೆಯಿಂದ ಆಸ್ಪತ್ರೆಯ ಬಾಗಿಲವರೆಗಿನ ದಾರಿಯಲ್ಲಿ ಅತ್ಯಂತ ದುರ್ಗಮವಾದ ಭಾಗ ಘಟ್ಟದ ತಿರುವುಗಳಲ್ಲ, ಹೇಳಿಕೊಳ್ಳಲಾಗದ ಸಂಕೋಚ.

ಶಾಲೆಯ ಕರ್ತವ್ಯ

ಈ ಸಂಕೋಚವನ್ನು ನೀಗಿಸುವ ಸ್ಥಾನದಲ್ಲಿ ಶಾಲೆಯಿದೆ. ಮೊದಲನೆಯದಾಗಿ, ಹೆಣ್ಣುಮಕ್ಕಳಿಗೆ ನೀರು, ಬೀಗ, ಬೆಳಕುಗಳಿರುವ ಶುಚಿಯಾದ ಶೌಚಾಲಯ. ಇದಿಲ್ಲದ ಕಡೆ ಬಾಲಕಿಯರು ಬೆಳಗಿನಿಂದ ಸಂಜೆಯವರೆಗೆ ಮೂತ್ರವನ್ನು ತಡೆದು, ನೀರನ್ನೇ ಕುಡಿಯದೆ, ಎಳೆಯ ವಯಸ್ಸಿನಲ್ಲಿಯೇ ಸೋಂಕಿಗೂ ಕೆಟ್ಟ ರೂಢಿಗೂ ಒಳಗಾಗುತ್ತಾರೆ. ದಾನಿಗಳು ಸಭಾಭವನಕ್ಕೂ ಮಹಾದ್ವಾರಕ್ಕೂ ಕೊಡುವ ದಾನ ಶ್ಲಾಘ್ಯವೇ. ಆದರೆ ಹೆಸರು ಕೆತ್ತಿಸಿಕೊಳ್ಳಲು ಯಾರೂ ಬಯಸದ ಶೌಚಾಲಯಕ್ಕೆ ಕೊಡುವ ದಾನವೇ ದಾಸೋಹತತ್ತ್ವಕ್ಕೆ ಹೆಚ್ಚು ಸಮೀಪವಾದುದು. ಎರಡನೆಯದಾಗಿ, ಪಾಠದ ನಡುವೆ ಹೊರಗೆ ಹೋಗಲು ಅನುಮತಿ ಕೇಳಿದ ಮಗುವನ್ನು ಗದರಿಸದಿರುವುದು. ಮೂರನೆಯದಾಗಿ, ಜೀವಶಾಸ್ತ್ರದ ಪಾಠದಲ್ಲಿ ಹೃದಯ ಶ್ವಾಸಕೋಶಗಳಿಗೆ ಸಲ್ಲುವ ಗಾಂಭೀರ್ಯವನ್ನು ಶ್ರೋಣಿಯ ಅಂಗಗಳಿಗೂ ಸಲ್ಲಿಸಿ, ಪುಟಗಳನ್ನು ಮಗುಚಿಹಾಕದೆ ಬೋಧಿಸುವುದು. ನಾಲ್ಕನೆಯದಾಗಿ, ವರ್ಷಕ್ಕೊಮ್ಮೆ ತಾಯಂದಿರ ಸಭೆಯಲ್ಲಿ ವೈದ್ಯೆಯೊಬ್ಬರಿಂದ ಈ ವಿಷಯವನ್ನು ಕುರಿತು ಉಪನ್ಯಾಸ ಏರ್ಪಡಿಸುವುದು. ಒಬ್ಬ ತಾಯಿ ಎದ್ದು ಕೇಳಿದರೆ ಇನ್ನು ಹತ್ತು ಮಂದಿಗೆ ಧೈರ್ಯ ಬರುತ್ತದೆ.

ಉಪಸಂಹಾರ

ಹುಬ್ಬಳ್ಳಿಯ ಶಾಲೆಯೊಂದರ ಬೆಂಚಿನ ಮೇಲೆ ಕುಳಿತಿದ್ದ ಬಾಲಕ ಮುಂದೆ ಸಾವಿರಾರು ತಾಯಂದಿರ ಬದುಕಿಗೆ ಆಧಾರವಾಗುವನೆಂದು ಅಂದು ಅವನಿಗೆ ಕಲಿಸಿದ ಅಧ್ಯಾಪಕರು ಊಹಿಸಿರಲಾರರು. ಕೊಡಗಿನ ಶಾಲೆಗಳ ಬೆಂಚುಗಳ ಮೇಲೆಯೂ ಅಂತಹ ಬಾಲಕ ಬಾಲಕಿಯರು ಇರಬಹುದು. ಆದರೆ ಎಲ್ಲರೂ ಶಸ್ತ್ರವೈದ್ಯರಾಗಬೇಕಾಗಿಲ್ಲ. ಮನೆಯಲ್ಲಿ ತಾಯಿಯೋ ಅಜ್ಜಿಯೋ ಸೊಂಟ ಹಿಡಿದು ಕುಳಿತಾಗ "ಏನಾಗಿದೆ ಅವ್ವಾ, ಆಸ್ಪತ್ರೆಗೆ ಹೋಗೋಣ ಬಾ" ಎಂದು ನಾಚದೆ ಕೇಳುವ ಮಗನನ್ನೂ ಮಗಳನ್ನೂ ರೂಪಿಸಿದರೆ ವಿದ್ಯೆ ಸಾರ್ಥಕ. ಶರೀರಕ್ಕೆ ಸೂತಕವಿಲ್ಲವೆಂದು ಸಾರಿದ ಪರಂಪರೆಯ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಯಿಂದ ಸಮಾಜ ಇಷ್ಟನ್ನಾದರೂ ನಿರೀಕ್ಷಿಸುವುದು ನ್ಯಾಯವಾಗಿದೆ.